ಹೂಮಳೆ ಲೆಕ್ಕದಲ್ಲಿ ಬಟರ್ ಫ್ರೂಟ್ ಗ್ರಾಫ್ಟ್: ನನ್ನ ಅನುಭವ

ನಮ್ಮ ತೋಟ ಸಕಲೇಶಪುರದ ಹತ್ತಿರ. ಮನೆ ಹಿಂದೆ ಅತ್ತೆ ನೆಟ್ಟ ಒಂದು ಬಟರ್ ಫ್ರೂಟ್ (ಅವಕಾಡೊ) ಮರ ಇದೆ. ಹಣ್ಣಿನಲ್ಲಿ ಚೂರೂ ನಾರಿಲ್ಲ, ಬೀಜ ಚಿಕ್ಕದು, ತಿರುಳು ಬೆಣ್ಣೆ ಥರ. ಅದರದೇ ಬೀಜ ಹಾಕಿ ಅತ್ತೆ ನಾಲ್ಕು ಗಿಡ ಬೆಳೆಸಿದ್ದರು. ಆರೇಳು ವರ್ಷ ಕಾದ ಮೇಲೆ ಕಾಯಿ ಬಿಟ್ಟವು. ನಾಲ್ಕೂ ನಾಲ್ಕು ಥರ. ಒಂದಂತೂ ನೀರು ನೀರು. ತಾಯಿಮರದ ಹಣ್ಣೇ ಬೇಕು ಅಂದರೆ ಅದರ ಕಡ್ಡಿಯನ್ನು ಬೇರೆ ಸಸಿಗೆ ಸೇರಿಸಿ ಕಟ್ಟಲೇಬೇಕು ಅಂತ ಆಗ ಗೊತ್ತಾಯಿತು.

ನಮ್ಮ ಕಡೆ ಕಸಿ ಅಂದರೆ ಕಾಫಿ ಗಿಡದ ಬೇಡದ ರೆಕ್ಕೆ ತೆಗೆಯುವುದು. ಮರಗಸಿ ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದು. ಗೊಂದಲ ಬೇಡ ಅಂತ ಇಲ್ಲಿ ಗ್ರಾಫ್ಟ್ ಅಂತಲೇ ಬರೆಯುತ್ತೇನೆ. ತೋಟದಲ್ಲಿ ನಾವು ಹೇಳುವುದೂ ಹಾಗೇ.

ಕತ್ತರಿಸುವ, ಕಟ್ಟುವ ಕೆಲಸ ನನಗೆ ಒಂದೇ ವಾರದಲ್ಲಿ ಕೈಗೆ ಬಂತು. ಯಾವಾಗ ಕಟ್ಟಬೇಕು ಅನ್ನುವುದು ಗೊತ್ತಾಗಲು ಮೂರು ವರ್ಷ ಹಿಡಿಯಿತು.

ಮೊದಲ ವರ್ಷ ಜೂನ್‌ನಲ್ಲಿ ಕಟ್ಟಿದೆ. ಅರಸೀಕೆರೆ ಕಡೆ ಇರುವ ನಮ್ಮ ಭಾವ ಮಾವಿನ ಗ್ರಾಫ್ಟ್ ಮಾಡುತ್ತಾರೆ. ಅವರು ಕಟ್ಟುವುದು ಜೂನ್, ಜುಲೈನಲ್ಲೇ, ಚೆನ್ನಾಗಿಯೂ ಹಿಡಿಯುತ್ತದೆ. ಅವರಿಗೂ ನಮಗೂ ಜಿಲ್ಲೆ ಒಂದೇ, ಮಳೆ ಮಾತ್ರ ಬೇರೆ. ನಮ್ಮಲ್ಲಿ ಬೀಳುವುದರ ಮೂರನೇ ಒಂದು ಪಾಲು ಅಲ್ಲಿ ಬಿದ್ದರೆ ಹೆಚ್ಚು. ಅಲ್ಲಿ ಜೂನ್ ಅಂದರೆ ಮೋಡ, ತಂಪು, ಆಗೊಂದು ಈಗೊಂದು ಹದ ಮಳೆ. ನಮ್ಮಲ್ಲಿ ಮೃಗಶಿರ ಹಿಡಿದರೆ ಬಿಡುವುದಿಲ್ಲ. ಅದರ ಹಿಂದೆ ಆರಿದ್ರಾ. ಆರಿದ್ರಾ ಮಳೆ ಆರದೇ ಹೊಯ್ಯುತ್ತೆ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ನಾನು ಕಟ್ಟಿದ 60 ಗಿಡದಲ್ಲಿ ಹಿಡಿದದ್ದು 7. ಉಳಿದವನ್ನು ಬಿಚ್ಚಿ ನೋಡಿದೆ. ಟೇಪಿನ ಒಳಗೆ ನೀರು ಇಳಿದು ಗಾಯ ಕಪ್ಪಾಗಿತ್ತು. ಬಿಸಿಲಿಲ್ಲದ ಚಳಿಗೆ ಗಾಯ ಕೂಡುವುದೂ ನಿಧಾನ. ಅದು ಕೂಡುವ ಮೊದಲೇ ಬೂಸ್ಟು ಹತ್ತಿತ್ತು. ಬಟರ್ ಫ್ರೂಟ್ ಬೇರಿಗೆ ನೀರು ನಿಂತರೆ ಆಗುವುದಿಲ್ಲ. ಚೀಲದ ಸಸಿಗಳೇ ಎಷ್ಟೋ ಕೊಳೆತು ಹೋದವು.

ಮಳೆಯೇ ಬೇಡ ಅಂತ ಎರಡನೇ ವರ್ಷ ಫೆಬ್ರವರಿ ಕೊನೆಗೆ ಹೋದೆ. ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಿದ್ದೆವು. ಅದರ ಜೊತೆ ತಾಯಿಮರಕ್ಕೂ ಸಸಿಗಳಿಗೂ ನೀರು ಚೆನ್ನಾಗಿ ಸಿಕ್ಕಿತ್ತು. ಆದರೂ ಹತ್ತೇ ದಿನದಲ್ಲಿ ಕಡ್ಡಿಗಳು ಕಂದಿ ಒಣಗಿದವು. ಮಣ್ಣಿನಲ್ಲಿ ನೀರಿತ್ತು, ಗಾಳಿಯಲ್ಲಿ ಪಸೆ ಇರಲಿಲ್ಲ. ಕತ್ತರಿಸಿದ ಕಡ್ಡಿಗೆ ಬೇರಿಲ್ಲ ಅಲ್ವಾ? ಗಾಯ ಕೂಡುವ ತನಕ, ಅಂದರೆ ಮೂರು ವಾರದ ಹತ್ತಿರ, ಅದು ತನ್ನೊಳಗಿನ ನೀರಿನಲ್ಲೇ ಬದುಕಬೇಕು. ಮಧ್ಯಾಹ್ನದ ಒಣಗಾಳಿ ಅದನ್ನು ಹೀರಿಬಿಡುತ್ತದೆ.

ದಾರಿ ತೋರಿಸಿದ್ದು ಕಾಫಿ ಹೂವು. ಮೂರನೇ ವರ್ಷ ಮಾರ್ಚ್ ಕೊನೆಗೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಂತು, 1 ಇಂಚು 15 ಸೆಂಟ್ (ಒಂದು ಇಂಚಿಗೆ ನೂರು ಸೆಂಟ್). ಮಾರನೇ ದಿನ ತಾಯಿಮರ ನೋಡಲು ಹೋದಾಗ ಅತ್ತೆ, 'ಇವತ್ತೇ ಕಡೀಬೇಡ ಮಗಾ, ಮಳೆ ಕುಡಿದು ಈಗಷ್ಟೇ ಎಚ್ಚರ ಆಗ್ತಿದೆ, ಹೂವಾಗೋ ತನಕ ತಡಿ' ಅಂದರು. ಅವರು ಗ್ರಾಫ್ಟ್ ಮಾಡಿದವರಲ್ಲ. ಆದರೆ ಮರ ನೋಡಿದವರು.

ಅವತ್ತಿನಿಂದ ನನ್ನ ಲೆಕ್ಕ ಹೀಗಿದೆ. ಒಂದು ಇಂಚಿನಷ್ಟು ಮಳೆ ಬಿದ್ದ ಮಾರನೇ ಬೆಳಿಗ್ಗೆ ತಾಯಿಮರದಲ್ಲಿ ಕಡ್ಡಿ ಆರಿಸುತ್ತೇನೆ. ಹೂ ಬಿಡದ ತುದಿಕೊಂಬೆ, ಪೆನ್ಸಿಲ್ ದಪ್ಪ, ಬಿಸಿಲು ಕಂಡಿರುವಂಥದ್ದು. ಅದನ್ನು ಮರದಿಂದ ತೆಗೆಯುವುದಿಲ್ಲ. ಎಲೆ ಮಾತ್ರ ಕತ್ತರಿಸಿ, ತೊಟ್ಟು ಒಂದು ಬೆರಳಷ್ಟು ಬಿಟ್ಟು, ಗುರುತಿಗೆ ಬಣ್ಣದ ದಾರ ಕಟ್ಟಿ ಬರುತ್ತೇನೆ. ಅರೇಬಿಕಾ ಕಾಫಿ ಹೂ ಅರಳುವುದು ಮಳೆಯಾಗಿ 9–10 ದಿನಕ್ಕೆ. ರೊಬಸ್ಟಾ ಒಂದೆರಡು ದಿನ ಮುಂಚೆ. ತೋಟ ಬೆಳ್ಳಗಾದ ಬೆಳಿಗ್ಗೆ ಹೋಗಿ ಆ ತೊಟ್ಟುಗಳನ್ನು ಮುಟ್ಟುತ್ತೇನೆ. ಮುಟ್ಟಿದ ಕೂಡಲೇ ಉದುರಿದರೆ ಕಡ್ಡಿ ತಯಾರು. ತುದಿಮೊಗ್ಗು ಉಬ್ಬಿರುತ್ತದೆ, ಇನ್ನೂ ಬಾಯಿ ಬಿಟ್ಟಿರುವುದಿಲ್ಲ. ತೊಟ್ಟು ಗಟ್ಟಿಯಾಗಿದ್ದರೆ ಇನ್ನೆರಡು ದಿನ ಕಾಯುತ್ತೇನೆ. ಮೊಗ್ಗು ಒಡೆದು ಎಳೆ ಎಲೆ ಕಂಡರೆ ಆ ಕಡ್ಡಿ ಬೇಡ. ಗಾಯ ಕೂಡುವ ಮೊದಲೇ ಚಿಗುರಿ, ಇದ್ದ ಶಕ್ತಿ ಖರ್ಚು ಮಾಡಿಕೊಂಡು ಬಾಡುತ್ತದೆ.

ಹೂವಿನ ದಿನದಿಂದ ನಾಲ್ಕೈದು ದಿನ ಕೆಲಸ. ಬೆಳಿಗ್ಗೆ ಆರೂವರೆಗೆ ಶುರು, ಹತ್ತಕ್ಕೆ ನಿಲ್ಲಿಸುತ್ತೇವೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಮಧ್ಯಾಹ್ನ ಮೋಡ ಕಟ್ಟಿ, ಸಂಜೆ ಗುಡುಗು ಗಾಳಿ ಬರುತ್ತದೆ. ಅಷ್ಟರಲ್ಲಿ ಕಟ್ಟಿದ್ದೆಲ್ಲ ಸೂರಿನ ಕೆಳಗೆ ಇರಬೇಕು. ಸಸಿಗೆ ಹಿಂದಿನ ಸಂಜೆಯೇ ನೀರು. ಕಡ್ಡಿಯನ್ನು ಆಯಾ ದಿನಕ್ಕೆ ಬೇಕಾದಷ್ಟೇ ತೆಗೆದು, ಒದ್ದೆ ಪೇಪರಲ್ಲಿ ಸುತ್ತಿ, ಬಾಳೆಪಟ್ಟೆಯೊಳಗೆ ಇಡುತ್ತೇನೆ.

ಕಟ್ಟುವ ಕ್ರಮ ಮಾಮೂಲಿನದೇ. ಸಸಿಯ ತಲೆ ಕತ್ತರಿಸಿ ನಡುವೆ ಸೀಳು, ಕಡ್ಡಿಯ ಬುಡ ಎರಡೂ ಕಡೆ ಬೆಣೆಯ ಹಾಗೆ ಚೂಪು, ಉದ್ದ ನಾಲ್ಕು ಸೆಂಟಿಮೀಟರ್. ತೊಗಟೆಯ ಕೆಳಗಿನ ಹಸಿರು ಪದರ ಒಂದು ಕಡೆಯಾದರೂ ಸರಿಯಾಗಿ ಕೂರಬೇಕು. ಕಡ್ಡಿ ಸಣ್ಣದಾದರೆ ನಡುವಿಗೆ ಇಡದೆ ಒಂದು ಪಕ್ಕಕ್ಕೆ ಸರಿಸಿ. ಬಟರ್ ಫ್ರೂಟ್ ಕತ್ತರಿಸಿದ ಜಾಗ ಬೇಗ ಕಂದು ಬಣ್ಣಕ್ಕೆ ತಿರುಗುತ್ತದೆ. ಸೀಳು ಮೊದಲು ಮಾಡಿಟ್ಟು, ಕಡ್ಡಿ ಕೊನೆಗೆ ಚೂಪು ಮಾಡಿ, ತಕ್ಷಣ ಸೇರಿಸಿ, ಟೇಪನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಸುತ್ತುತ್ತೇನೆ. ಹೀಗೆ ಸುತ್ತಿದರೆ ಪದರಗಳು ಹೆಂಚಿನ ಹಾಗೆ ಕೂತು ನೀರು ಹೊರಕ್ಕೆ ಜಾರುತ್ತದೆ. ಮೇಲೆ ಐಸ್ ಕ್ಯಾಂಡಿ ಕವರ್ ಟೋಪಿ. ಟೋಪಿ ಹಾಕಿದ ಗಿಡಕ್ಕೆ ನೇರ ಬಿಸಿಲು ತಾಗಲೇಬಾರದು, ಒಳಗೆ ಬೆಂದು ಹೋಗುತ್ತದೆ. ಸಿಲ್ವರ್ ಓಕ್ ಮರದ ಬುಡದಲ್ಲಿ ನೆರಳುಬಲೆ ಕಟ್ಟಿ ಅದರ ಕೆಳಗೆ ಇಡುತ್ತೇವೆ.

ಹೂವಾಗಿ ಎರಡು ಮೂರು ವಾರಕ್ಕೆ ಬ್ಯಾಕಿಂಗ್ ಮಳೆ, ಅಂದರೆ ಹೂಮಳೆಯ ನಂತರದ ಎರಡನೇ ಮಳೆ, ಬಂದರೆ ಕಾಫಿಗೆ ಎಷ್ಟು ಒಳ್ಳೆಯದೋ ನಮ್ಮ ಕಡ್ಡಿಗಳಿಗೂ ಅಷ್ಟೇ. ಅಷ್ಟೊತ್ತಿಗೆ ಗಾಯ ಕೂಡಿರುತ್ತದೆ, ಮೊಗ್ಗು ಒಡೆಯುತ್ತಿರುತ್ತದೆ. ತಂಪು ಗಾಳಿಗೆ ಚಿಗುರು ಬಾಡದೆ ಮೇಲೇಳುತ್ತದೆ. ಟೋಪಿ ತೆಗೆಯುವುದು ಮೋಡ ಇರುವ ಸಂಜೆ. ಮೂರನೇ ವರ್ಷ 60ಕ್ಕೆ 44 ಹಿಡಿದವು. ಅತ್ತೆ ದಿನಾ ಸಂಜೆ ಹೋಗಿ ಎಣಿಸಿ ಬರುತ್ತಿದ್ದರು.

ಎಲ್ಲ ವರ್ಷವೂ ಮಳೆ ನಮ್ಮ ಲೆಕ್ಕಕ್ಕೆ ಬರುವುದಿಲ್ಲ. 2024ರ ಬೇಸಿಗೆ ನೆನಪಿದೆ ಅಲ್ವಾ? ಏಪ್ರಿಲ್ ಅರ್ಧ ಕಳೆದರೂ ನಮ್ಮ ತೋಟಕ್ಕೆ ಸರಿಯಾದ ಮಳೆ ಇಲ್ಲ. ಎರಡು ಸಲ 20, 30 ಸೆಂಟ್ ಉದುರಿತು. ಆಸೆಗೆ ಬಿದ್ದು 10 ಕಡ್ಡಿಯ ಎಲೆ ಕತ್ತರಿಸಿದೆ. 12 ದಿನವಾದರೂ ತೊಟ್ಟು ಉದುರಲಿಲ್ಲ, ಮೊಗ್ಗು ಮಿಸುಕಲಿಲ್ಲ. ಕಟ್ಟದೆ ಬಿಟ್ಟೆ. ಮೇ ತಿಂಗಳಲ್ಲಿ, ಭರಣಿ ಮಳೆ ಆದ ಮೇಲೆ ಬೇರೆ ಕಡ್ಡಿ ಆರಿಸಿ ಕಟ್ಟಿದೆ. ತಡವಾದರೂ ಅರ್ಧಕ್ಕಿಂತ ಜಾಸ್ತಿ ಬಂದವು.

2025ರಲ್ಲಿ ಉಲ್ಟಾ. ಜೂನ್ 1ರ ಸುಮಾರಿಗೆ ಕೇರಳಕ್ಕೆ ಬರುವ ಮುಂಗಾರು ಮೇ 24ಕ್ಕೇ ಬಂತು. ಒಂದೆರಡು ದಿನದಲ್ಲೇ ನಮ್ಮ ಘಟ್ಟಕ್ಕೂ ಹಿಡಿಯಿತು. ಏಪ್ರಿಲ್ ಮೊದಲ ವಾರ ಕಟ್ಟಿದವು ಅಷ್ಟರಲ್ಲಿ ಎಲೆ ಬಿಟ್ಟು ಗಟ್ಟಿಯಾಗಿದ್ದವು, ಏನೂ ಆಗಲಿಲ್ಲ. ಪಕ್ಕದ ತೋಟದವರಿಗೆ ಅಂತ ಮೇ 12ಕ್ಕೆ ಕಟ್ಟಿದ 25ರಲ್ಲಿ ಉಳಿದದ್ದು 6. ಅವರಿಗೆ ನನ್ನ ಪಾಲಿನ ಗಿಡಗಳನ್ನೇ ಕೊಟ್ಟೆ. ಈಗ ಮುಂಗಾರಿಗೆ ಕನಿಷ್ಠ 40 ದಿನ ಇರುವಂತೆ ನೋಡಿಕೊಳ್ಳುತ್ತೇನೆ. ಏಪ್ರಿಲ್ 20 ದಾಟಿದರೆ ಬಯಲಲ್ಲಿ ಕಟ್ಟುವುದಿಲ್ಲ. ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಜಾಗ ಇರುವಷ್ಟೇ.

ದೊಡ್ಡ ಮರದ ಮೇಲೆ ಕಟ್ಟುವವರಿಗೆ ಒಂದು ಮಾತು. ಅತ್ತೆಯ ಆ ನೀರು ಹಣ್ಣಿನ ಮರವನ್ನು ಜನವರಿಯಲ್ಲಿ ಎದೆಮಟ್ಟಕ್ಕೆ ಕಡಿಸಿ, ಕಡಿದ ಜಾಗಕ್ಕೆ ಬೋರ್ಡೋ ಪೇಸ್ಟ್ (ಮೈಲುತುತ್ತು, ಸುಣ್ಣ ಕಲಸಿದ್ದು) ಬಳಿದೆ. ಬಿಸಿಲಿಗೆ ಸುಟ್ಟು ಹೋಗದಂತೆ ಕಾಂಡಕ್ಕೆ ಸುಣ್ಣ. ಹೂಮಳೆ ಹೊತ್ತಿಗೆ ಸುತ್ತಲೂ ಚಿಗುರು ಬಂದಿತ್ತು. ಗಟ್ಟಿಯಾದ ಐದು ಚಿಗುರು ಉಳಿಸಿ ಅದರ ಮೇಲೆ ಕಟ್ಟಿದೆ. ಮೂರು ಹಿಡಿದವು. ಒಂದನ್ನು ಆಲಿಕಲ್ಲು ಮುರಿಯಿತು. ಉಳಿದ ಎರಡಕ್ಕೆ ಬಿದಿರು ಕಡ್ಡಿ ಆಸರೆ ಕೊಟ್ಟು ಮಳೆಗಾಲ ದಾಟಿಸಿದೆವು. ಈ ವರ್ಷ ಅದರಲ್ಲಿ ಹನ್ನೊಂದು ಕಾಯಿ ನಿಂತಿವೆ. ಮೊದಲನೆಯದನ್ನು ಕುಯ್ದು ಅತ್ತೆಗೆ ಕೊಡಬೇಕು.