ಊರಿನ ನೀರು ಇನ್ನೆಷ್ಟು ದಿನ? ಕೊರತೆಗೆ ಮುಂಚೆ ಹಾಕಬೇಕಾದ ಲೆಕ್ಕ

ಕೊರತೆಯ ಯೋಜನೆಯಲ್ಲಿ ‘ಜಲಾಶಯ ಶೇ. 40ಕ್ಕೆ ಇಳಿದಾಗ’ ಎಂದು ಬರೆದರೆ ಯಾರಿಗೂ ಬಿಸಿ ತಟ್ಟುವುದಿಲ್ಲ. ದಿನಗಳಲ್ಲಿ ಬರೆಯಿರಿ.

ಸಂಗ್ರಹ 120 ಕೋಟಿ ಲೀಟರ್ ಇದೆ ಎನ್ನಿ. ತೂಬಿನ ಮಟ್ಟಕ್ಕಿಂತ ಕೆಳಗಿರುವ 20 ಕೋಟಿ ಕೈಗೆ ಸಿಗದು, ಕಳೆಯಿರಿ. ದಿನಕ್ಕೆ 80 ಲಕ್ಷ ಲೀಟರ್ ಪಂಪ್ ಮಾಡಿದರೆ ಉಳಿದದ್ದು 125 ದಿನಕ್ಕೆ ಸಾಕು ಅನಿಸುತ್ತದೆ. ಆದರೆ ನೀರಿನ ಹರವು 40 ಹೆಕ್ಟೇರ್ ಇದ್ದು, ದಿನಕ್ಕೆ 6 ಮಿಲಿಮೀಟರ್ ಆವಿಯಾದರೆ ಅದೇ 24 ಲಕ್ಷ ಲೀಟರ್. ದಿನದ ಖರ್ಚು 1.04 ಕೋಟಿ ಆಯಿತು. ಉಳಿದಿರುವುದು 96 ದಿನ. ಹೂಳು ತುಂಬಿದ್ದರೆ ಇನ್ನೂ ಕಡಿಮೆ. ನೀರು ಇಳಿದಂತೆ ಹರವೂ ಕುಗ್ಗುವುದರಿಂದ ವಾರಕ್ಕೊಮ್ಮೆ ಲೆಕ್ಕ ಹೊಸದಾಗಿ ಹಾಕಿ.

ಈಗ ಮುಂದಿನ ಒಳಹರಿವಿಗೆ ಎಷ್ಟು ದಿನವಿದೆ ನೋಡಿ. ಸರಾಸರಿ ವರ್ಷದ ದಿನಾಂಕ ಬೇಡ. ದಾಖಲೆಯಲ್ಲಿ ಮಳೆ ತೀರಾ ತಡವಾದ ವರ್ಷದ್ದು ಹಿಡಿಯಿರಿ. ನೀರು ಅದಕ್ಕಿಂತ 60 ದಿನವಷ್ಟೇ ಹೆಚ್ಚು ಬಂದೀತು ಎಂದಾದರೆ ಮೊದಲ ಹಂತ: ಉದ್ಯಾನ, ಕಾರಂಜಿ, ವಾಹನ ತೊಳೆಯಲು ನಲ್ಲಿ ನೀರು ಬಂದ್. 30 ದಿನಕ್ಕೆ ಇಳಿದರೆ ಕಟ್ಟಡ ಕಾಮಗಾರಿಗೂ ದೊಡ್ಡ ಬಳಕೆದಾರರಿಗೂ ಕಡಿತ. ಎರಡೂ ಸಮವಾದರೆ ಸರದಿ ಪೂರೈಕೆ, ಟ್ಯಾಂಕರ್. ಯಾವ ಹಂತಕ್ಕೆ ಯಾರು ಆದೇಶ ಹೊರಡಿಸಬೇಕು ಎಂಬುದಕ್ಕೂ ಮೊದಲೇ ಒಪ್ಪಿಗೆ ಪಡೆಯಿರಿ. ನೀರು ಬತ್ತಿದ ಮೇಲೆ ಕೂತ ಸಭೆ ಟ್ಯಾಂಕರ್ ದರದ ಜಗಳದಲ್ಲೇ ಮುಗಿಯುತ್ತದೆ.

ಜನರ ಬಕೆಟ್ಟಿಗೆ ಕೈ ಹಾಕುವ ಮುಂಚೆ ನಿಮ್ಮ ಪೈಪುಗಳನ್ನು ನೋಡಿಕೊಳ್ಳಿ. ದಿನವಿಡೀ ನೀರು ಹರಿಯುವ ಬಡಾವಣೆಯಲ್ಲಿ ರಾತ್ರಿ 2ರಿಂದ 4ರವರೆಗೆ ಬಳಕೆ ತೀರಾ ಕಡಿಮೆ. ಆಗಲೂ ಹರಿಯುತ್ತಿರುವುದರಲ್ಲಿ ಹೆಚ್ಚಿನದು ಸೋರಿಕೆಯೇ. ಮೀಟರ್ ಇಲ್ಲದಿದ್ದರೂ ಅಳೆಯಬಹುದು. ಮೊದಲು ಓವರ್‌ಹೆಡ್ ಟ್ಯಾಂಕಿನ ಒಳಬರುವ, ಹೊರಹೋಗುವ ಎರಡೂ ವಾಲ್ವ್ ಮುಚ್ಚಿ ಅರ್ಧ ಗಂಟೆ ಮಟ್ಟ ನೋಡಿ. ಅದು ಅಲುಗಾಡಿದರೆ ವಾಲ್ವೇ ಬಿಡುತ್ತಿದೆ, ಇಲ್ಲವೇ ಟ್ಯಾಂಕೇ ಸೋರುತ್ತಿದೆ, ಅಳತೆ ಸುಳ್ಳಾಗುತ್ತದೆ. ಸರಿಯಿದ್ದರೆ ಹೊರಹೋಗುವ ವಾಲ್ವ್ ಮಾತ್ರ ತೆರೆಯಿರಿ. 10 ಮೀಟರ್ ಉದ್ದ, 10 ಮೀಟರ್ ಅಗಲದ ಟ್ಯಾಂಕಿನಲ್ಲಿ ಮಟ್ಟ ಎರಡು ಗಂಟೆಯಲ್ಲಿ 18 ಸೆಂಟಿಮೀಟರ್ ಇಳಿದರೆ 18,000 ಲೀಟರ್ ಹೋಯಿತು, ಅಂದರೆ ಗಂಟೆಗೆ 9,000. ಹಗಲಿಗಿಂತ ರಾತ್ರಿ ಒತ್ತಡ ಜಾಸ್ತಿ ಇರುವುದರಿಂದ 24ರ ಬದಲು 20ರಿಂದ ಗುಣಿಸಿ: ದಿನಕ್ಕೆ ಸುಮಾರು 1.8 ಲಕ್ಷ ಲೀಟರ್. ರಾತ್ರಿ ಸಂಪು ತುಂಬಿಸಿಕೊಳ್ಳುವ ಮನೆಗಳು ಹೆಚ್ಚಿದ್ದರೆ ಅದನ್ನೂ ಕಳೆಯಬೇಕು.

ಜಾಗ ಹಿಡಿಯಲು ಬೀದಿಯ ವಾಲ್ವ್‌ಗಳನ್ನು ದೂರದ ತುದಿಯಿಂದ ಒಂದೊಂದಾಗಿ ಮುಚ್ಚುತ್ತಾ ಬನ್ನಿ. ಯಾವುದನ್ನು ಮುಚ್ಚಿದಾಗ ಇಳಿಕೆ ಥಟ್ಟನೆ ತಗ್ಗುತ್ತದೋ ಆ ಬೀದಿಯಲ್ಲಿ ಅಗೆಯಿರಿ.

ಅಗೆಯಲು ಜನ ಸಾಲದಿದ್ದರೆ ಒತ್ತಡ ಇಳಿಸಿ. ಇಡೀ ಜಾಲಕ್ಕೆ ಹೇಳುವುದಾದರೆ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಸೋರಿಕೆಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಪ್ಲಾಸ್ಟಿಕ್ ಪೈಪಿನ ಉದ್ದುದ್ದ ಸೀಳಿನಲ್ಲಿ ಇನ್ನೂ ಹೆಚ್ಚು ಉಳಿತಾಯ, ಏಕೆಂದರೆ ಒತ್ತಡಕ್ಕೆ ಆ ಸೀಳು ಬಾಯಿ ಬಿಡುತ್ತದೆ. ಎತ್ತರದ ಕೊನೆಯ ಮನೆಯಲ್ಲಿ ಗೇಜ್ ಇಟ್ಟು ನೋಡಿಕೊಂಡೇ ಇಳಿಸಿ.

ಸರದಿ ಪೂರೈಕೆ ಕಟ್ಟಕಡೆಗೆ ಇರಲಿ. ಕಾಗದದಲ್ಲಿ ಕಾಣುವಷ್ಟು ಅದು ಉಳಿಸುವುದಿಲ್ಲ: ಜನ ಸಿಕ್ಕಷ್ಟು ತುಂಬಿಟ್ಟು, ಹೊಸ ನೀರು ಬಂದಾಗ ಹಳೆಯದನ್ನು ಚೆಲ್ಲುತ್ತಾರೆ, ತೆರೆದಿಟ್ಟ ನಲ್ಲಿ ಹರಿಯುತ್ತಲೇ ಇರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಖಾಲಿ ಪೈಪು ಅದೇ ಬಿರುಕುಗಳಿಂದ ಚರಂಡಿ ನೀರನ್ನು ಒಳಗೆಳೆದುಕೊಳ್ಳುವುದು. ಮಾಡಲೇಬೇಕಾದರೆ ವಾಲ್ವ್ ನಿಧಾನವಾಗಿ ತೆರೆಯಿರಿ, ಇಲ್ಲದಿದ್ದರೆ ಸಿಕ್ಕಿಕೊಂಡ ಗಾಳಿ ಪೈಪು ಒಡೆಯುತ್ತದೆ. ಮೊದಲ ಕೆಲ ನಿಮಿಷದ ನೀರು ಕುಡಿಯದಂತೆ ತಿಳಿಸಿ. ಕೊನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಪರೀಕ್ಷಿಸಿ.

ಮೊದಲ ಮಳೆ ಬಿತ್ತೆಂದು ನಿರ್ಬಂಧ ತೆಗೆಯಬೇಡಿ. ಒಣ ನೆಲ ಅದನ್ನೆಲ್ಲ ಹೀರಿಕೊಳ್ಳುತ್ತದೆ. ವಾರದ ಲೆಕ್ಕ ಸತತ ಎರಡು ಸಲ ಗಡಿ ದಾಟಿದರೆ ಒಂದು ಹಂತ ಮಾತ್ರ ಸಡಿಲಿಸಿ.