ಮೊಟ್ಟೆ ಇಲ್ಲದ ಆಯೋಲಿ, ನಾನು ಮಾಡಿದ ರೀತಿ

ಆಯೋಲಿ ಅಂದರೆ ಬೆಳ್ಳುಳ್ಳಿ, ಎಣ್ಣೆ ಸೇರಿಸಿ ಅರೆಯುವ, ಬೆಣ್ಣೆಯಂಥ ಗಟ್ಟಿ ಚಟ್ನಿ. ಮೊಟ್ಟೆ ಹಾಕದೆ ಅದು ಗಟ್ಟಿಯಾಗುವುದೇ ಇಲ್ಲ ಅಂತ ದಕ್ಷಿಣ ಫ್ರಾನ್ಸಿನ ಮಾರ್ಸೇಯ್‌ನ ನನ್ನ ಗೆಳೆಯರೆಲ್ಲ ಹೇಳಿದ್ದರು. ಈಗ ನನ್ನ ಕುಟ್ಟಾಣಿಯನ್ನು ಬೋರಲು ಹಾಕಿದರೂ ಆಯೋಲಿ ಕೆಳಗೆ ಬೀಳುವುದಿಲ್ಲ.

ಹೆಸರಿನಲ್ಲೇ ಎಲ್ಲ ಇದೆ. ಮಾರ್ಸೇಯ್ ಇರುವ ಪ್ರೊವಾನ್ಸ್ ಸೀಮೆಯ ಮಾತಿನಲ್ಲಿ 'ಆಯ್' ಅಂದರೆ ಬೆಳ್ಳುಳ್ಳಿ, 'ಓಲಿ' ಅಂದರೆ ಎಣ್ಣೆ. ಮೊಟ್ಟೆಯ ಸುದ್ದಿಯೇ ಇಲ್ಲ, ಅಲ್ವಾ? ಸ್ಪೇನಿನ ಕ್ಯಾಟಲೋನಿಯಾದ ಹಳೇ ಪದ್ಧತಿಯ 'ಅಲ್ಯೋಲಿ'ಯಲ್ಲೂ ಬೆಳ್ಳುಳ್ಳಿ, ಎಣ್ಣೆ, ಉಪ್ಪು ಅಷ್ಟೇ. ಪ್ರೊವಾನ್ಸಿನವರಿಗೆ ಇದರ ಮೇಲೆ ಎಂಥ ಅಭಿಮಾನ ಅಂದರೆ, ಕವಿ ಫ್ರೆದೆರಿಕ್ ಮಿಸ್ತ್ರಾಲ್ 1891ರಲ್ಲಿ ಶುರು ಮಾಡಿದ ಪತ್ರಿಕೆಯ ಹೆಸರೂ ಆಯೋಲಿಯೇ. ಆದರೂ ಇವತ್ತು ಅಲ್ಲಿನ ಬಹಳಷ್ಟು ಮನೆಗಳಲ್ಲಿ ಆಯೋಲಿಗೆ ಮೊಟ್ಟೆಯ ಹಳದಿ ಲೋಳೆ ಬೀಳುತ್ತದೆ. ಕೆಲಸ ಸುಲಭ, ಅದಕ್ಕೆ.

ನನಗೆ ಎಣ್ಣೆ ಕೂಡಿಕೊಳ್ಳದೆ ಬೇರೆಯಾಗಿ ಒಡೆದದ್ದು ಲೆಕ್ಕವಿಲ್ಲದಷ್ಟು ಸಲ. ಲೀಟರಿಗೆ ಹತ್ತು ಯೂರೋ ಹತ್ತಿರದ ಆಲಿವ್ ಎಣ್ಣೆ ಅದು! ಒಡೆದದ್ದನ್ನೆಲ್ಲ ಬೇಯಿಸಿದ ಆಲೂಗಡ್ಡೆ ಮೇಲೆ ಸುರಿದು ತಿಂದೆವು. ಮಿಕ್ಸಿಯಲ್ಲಿ ತಿರುಗಿಸಿದಾಗ ಗಟ್ಟಿಯೇನೋ ಆಯಿತು, ಆದರೆ ಬಾಯಿಗಿಡಲಾರದಷ್ಟು ಕಹಿ. ಒಳ್ಳೇ ಆಲಿವ್ ಎಣ್ಣೆಗೆ ಆ ವೇಗ ಆಗಿಬರುವುದಿಲ್ಲ.

ಕೊನೆಗೆ ಕೈಹಿಡಿದದ್ದು ಕಲ್ಲಿನ ಕುಟ್ಟಾಣಿ. ಆರೇಳು ಬೆಳ್ಳುಳ್ಳಿ ಎಸಳು, ಒಳಗಿನ ಹಸಿರು ಮೊಳಕೆ ತೆಗೆದು, ಹರಳುಪ್ಪಿನ ಜೊತೆ ಅರೆದೆ. ಒಂದು ಚೂರೂ ನಾರು ಸಿಗಬಾರದು, ಹತ್ತು ನಿಮಿಷವಾದರೂ ಬೇಕು. ಆಮೇಲೆ ಎಣ್ಣೆ ಹನಿ ಹನಿಯಾಗಿ. ಒಟ್ಟು ಸುಮಾರು 100 ಮಿಲಿ, ಅದಕ್ಕೆ ಅರ್ಧ ಗಂಟೆ. ಒಂದೇ ದಿಕ್ಕಿಗೆ ತಿರುಗಿಸಿ. ಬೆಳ್ಳುಳ್ಳಿ, ಎಣ್ಣೆ ಎರಡೂ ಫ್ರಿಜ್ಜಿನಿಂದ ಬಂದಿರಬಾರದು. ಮೇಲೆ ಎಣ್ಣೆಯ ಮಿನುಗು ಕಂಡರೆ ಒಡೆಯುತ್ತಿದೆ ಅಂತ, ಎಣ್ಣೆ ನಿಲ್ಲಿಸಿ, ಕೆಲವು ಹನಿ ನೀರು ಹಾಕಿ ಅರೆಯಿರಿ. ಯಾವ ಹೊತ್ತಿಗೆ ನಿಂಬೆರಸ ಬಿಡುತ್ತೇನೆ ಅನ್ನುವುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಸುಮ್ನೆ ಕಡಲೆಕಾಯಿ ಎಣ್ಣೆಯಲ್ಲೂ ಮಾಡಿ ನೋಡಿದೆ. ಚೆನ್ನಾಗಿಯೇ ಕೂಡಿಕೊಂಡಿತು, ಖರ್ಚೂ ಕಮ್ಮಿ. ಆದರೆ ಅದನ್ನು ಆಯೋಲಿ ಅನ್ನಲು ನನಗೆ ಮನಸ್ಸಿಲ್ಲ, ಆಲಿವ್‌ನ ಆ ಒಗರು ಬೇಕೇ ಬೇಕು.

ಮೊನ್ನೆ ಶುಕ್ರವಾರ ಅಲ್ಲಿನ ವಾಡಿಕೆಯಂತೆ 'ಗ್ರಾಂದ್ ಆಯೋಲಿ' ಊಟ ಹಾಕಿದೆ. ಬೇಯಿಸಿದ ಕ್ಯಾರೆಟ್, ಹುರುಳಿಕಾಯಿ, ಆಲೂಗಡ್ಡೆ, ತಿನ್ನುವವರಿಗೆ ಉಪ್ಪು ಹಾಕಿದ ಕಾಡ್ ಮೀನು. ಆಗಲ್ಲ ಅಂದಿದ್ದವರೇ ಕುಟ್ಟಾಣಿಯನ್ನು ಬ್ರೆಡ್ಡಿನಿಂದ ಒರೆಸಿ ಖಾಲಿ ಮಾಡಿದರು. ಮುಂದಿನ ವಾರ ಇಬ್ಬರು ಕಲಿಯಲು ಬರುತ್ತಿದ್ದಾರೆ. ಎಣ್ಣೆ ಅವರೇ ತರಬೇಕು ಅಂತ ಹೇಳಿದ್ದೇನೆ.