ರಾಜೀನಾಮೆಗೆ ಮುಂಚಿನ ಶನಿವಾರಗಳು

ನಾನು ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ಬೆಂಗಳೂರಿನಲ್ಲಿ ಆರು ವರ್ಷ ಮಾಡಿದ್ದು ಸಾಫ್ಟ್‌ವೇರ್ ಟೆಸ್ಟಿಂಗ್. ಸಂಬಳಕ್ಕೆ ಕೊರತೆ ಇರಲಿಲ್ಲ, ಮೇಲಿನವರೂ ಒಳ್ಳೆಯವರೇ ಆಗಿದ್ದರು. ಹೀಗಾಗಿ ಬೇಸರವೇಕೆಂದು ಮನೆಯವರಿಗೆ ತಿಳಿಸಿ ಹೇಳಲು ನನಗೆ ಬರುತ್ತಿರಲಿಲ್ಲ. ಗದಗಿಗೆ ಮರಳಿ ಮೋಟರ್ ರಿವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ, ಹಾಕುತ್ತೇನೆಂದಾಗ ಅಪ್ಪ ಕೇಳಿದ್ದು ಇಷ್ಟೇ: “ಅಲ್ಲಿ ಬ್ಯಾಸರ ಆತಂತ ಬರಾಕತ್ತೀಯೋ, ಇಲ್ಲಿನ ಕೆಲಸ ಬೇಕಂತ ಬರಾಕತ್ತೀಯೋ?”

ಅದಕ್ಕೆ ಉತ್ತರ ಸಿಗುವವರೆಗೆ ನೌಕರಿ ಬಿಡಬಾರದೆಂದು ನಿಶ್ಚಯಿಸಿದೆ. ಎಂಟು ತಿಂಗಳ ಕಾಲ, ತಿಂಗಳಿಗೆರಡು ಸಲ, ಶುಕ್ರವಾರ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿದು, ಗೋಕುಲ ರಸ್ತೆಯ ಒಬ್ಬ ಮಿಸ್ತ್ರಿಯವರ ಬಳಿ ಸಂಬಳವಿಲ್ಲದೆ ಕೆಲಸಕ್ಕೆ ಕುಳಿತೆ. (ಗದಗಿನಲ್ಲೇ ಕಲಿಯಬಹುದಿತ್ತು, ನೆಂಟರ ಕಣ್ಣಿಗೆ ಬೀಳಲು ಇನ್ನೂ ಧೈರ್ಯವಿರಲಿಲ್ಲ.) ಮೊದಲೆರಡು ತಿಂಗಳು ಸುಟ್ಟ ತಂತಿಯನ್ನು ಕಿತ್ತು, ಒಂದೊಂದು ಕಾಯಿಲಿನ ಸುತ್ತುಗಳನ್ನು ಎಣಿಸಿ, ತಂತಿಯ ಗೇಜ್ (ದಪ್ಪ) ಅಳೆದು ಬರೆದಿಡುವುದಷ್ಟೇ ನನ್ನ ಪಾಲಿಗೆ ಬಂದ ಕೆಲಸ.

ಒಂದು ಶನಿವಾರ ಮುಂಡರಗಿ ಕಡೆಯ ರೈತರೊಬ್ಬರು ತುಂಗಭದ್ರೆಯ ದಂಡೆಯಿಂದ ತಂದ ಮೋನೋಬ್ಲಾಕ್ (ಮೋಟರ್ ಮತ್ತು ಪಂಪ್ ಒಂದೇ ಆಗಿರುವ ಯಂತ್ರ) ಬಿಚ್ಚಿದಾಗ, ವಿದ್ಯುತ್ ಬರುವ ಮೂರು ಸಾಲುಗಳಲ್ಲಿ, ಅಂದರೆ ಫೇಸುಗಳಲ್ಲಿ, ಎರಡರ ಕಾಯಿಲುಗಳು ಕರಕಲಾಗಿದ್ದರೂ ಮೂರನೆಯದರವು ಮಾತ್ರ ತಾಮ್ರದ ಹೊಳಪು ಉಳಿಸಿಕೊಂಡಿದ್ದವು. ಮೂರೂ ಫೇಸಿನ ಕಾಯಿಲುಗಳ ಒಂದೊಂದು ತುದಿ ಒಂದೆಡೆ ಕೂಡುವ ಸ್ಟಾರ್ ಜೋಡಣೆಯಲ್ಲಿ ಒಂದು ಫೇಸಿನ ವಿದ್ಯುತ್ ಹೋದರೆ ಉಳಿದೆರಡೇ ಭಾರ ಹೊತ್ತು ಸುಡುತ್ತವೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ; ಕಣ್ಣಾರೆ ಕಂಡದ್ದು ಅಂದೇ. ಊಟದ ಹೊತ್ತು ಮೀರಿದ್ದು ಮಿಸ್ತ್ರಿಯವರು ಕೂಗಿದಾಗಲೇ ಗೊತ್ತಾಯಿತು.

ಅಷ್ಟಕ್ಕೇ ಮರುಳಾಗಬಾರದೆಂದು ಏಪ್ರಿಲ್‌ನಲ್ಲಿ ರಜೆ ಹಾಕಿ ಇಡೀ ವಾರ ಹೋದೆ. ಬೇಸಿಗೆಯಲ್ಲಿ ಬೋರಿನ ನೀರು ಇಳಿದು, ವೋಲ್ಟೇಜ್ ಕುಸಿದು, ಮೋಟರುಗಳು ಸಾಲುಗಟ್ಟಿ ಸುಡುತ್ತವೆ. ವಾರ್ನಿಷ್ ಘಾಟಿನಲ್ಲಿ ರಾತ್ರಿ ಹತ್ತರವರೆಗೆ ಕೆಲಸ. ಕೆಲಸಕ್ಕಿಂತ ನನ್ನನ್ನು ಹೆದರಿಸಿದ್ದು ಮಿಸ್ತ್ರಿಯವರ ಉದ್ರಿ ವಹಿ (ಸಾಲದ ಲೆಕ್ಕದ ಪುಸ್ತಕ), ಏಕೆಂದರೆ ಪೀಕು ಮಾರಿದ ಮೇಲೆ ಕೊಡುತ್ತೇನೆಂದವರ ಹೆಸರುಗಳಿಂದಲೇ ಅದು ತುಂಬಿತ್ತು. ಅದನ್ನು ನೋಡಿದ ಮೇಲೆಯೇ ಒಂದು ವರ್ಷದ ಮನೆಖರ್ಚನ್ನು ಬ್ಯಾಂಕಿನಲ್ಲಿ ಬೇರೆ ತೆಗೆದಿಟ್ಟು ರಾಜೀನಾಮೆ ಬರೆದೆ.

ಅಂಗಡಿ ಈಗ ನಡೆಯುತ್ತಿದೆ, ನನಗೂ ಒಂದು ಉದ್ರಿ ವಹಿಯಿದೆ. ಬೆಂಗಳೂರಿನ ಆರು ವರ್ಷಗಳ ಬಗ್ಗೆ ನನಗೆ ಅಷ್ಟೊಂದು ಪಶ್ಚಾತ್ತಾಪವಿಲ್ಲ. ಹುಬ್ಬಳ್ಳಿಯಲ್ಲಿ ಓದುವಾಗ ನಾಲ್ಕು ವರ್ಷ ಅದೇ ಗೋಕುಲ ರಸ್ತೆಯಲ್ಲಿ ಓಡಾಡಿದರೂ, ಅಂಥ ಅಂಗಡಿಯೊಂದರ ಒಳಗೆ ಒಮ್ಮೆಯೂ ಇಣುಕಲಿಲ್ಲವಲ್ಲ ಎಂಬುದಕ್ಕಿದೆ.